ಝೀ ಝೀ ಟಾಪ್‌ನ ಹಿಟ್ ಹಾಡುಗಳನ್ನು ಕೇಳುವ ಕ್ರಮ

ಅಮೆರಿಕದ ರಾಕ್ ತಂಡ ಝೀ ಝೀ ಟಾಪ್‌ನ 'ಗ್ರೇಟೆಸ್ಟ್ ಹಿಟ್ಸ್' ಸಂಗ್ರಹ ಹೊರಬಂದದ್ದು 1992ರಲ್ಲಿ. ಒಟ್ಟು ಹದಿನೆಂಟು ಹಾಡು. ಬ್ಲೂಸ್ ರಾಕ್, ಅಂದರೆ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಾರಿಕೆಯಿಂದ ಬೆಳೆದ ರಾಕ್, ಕೇಳಬೇಕೆಂದು ಹೊರಟವರ ಕೈಗೆ ಮೊದಲು ಸಿಗುವ ಸಂಗ್ರಹಗಳಲ್ಲಿ ಇದೂ ಒಂದು. ಖಂಡಿತ ಕೇಳಿ, ಆದರೆ ಮೊದಲ ಹಾಡಿನಿಂದ ಶುರು ಮಾಡಬೇಡಿ. ಸಂಗ್ರಹ ತೆರೆದುಕೊಳ್ಳುವುದೇ 1983ರ ಹಾಡಿನಿಂದ. ತಂಡಕ್ಕೆ ಹೆಸರು ತಂದುಕೊಟ್ಟ 1973ರ 'ಲಾ ಗ್ರೇಂಜ್' ಬರುವುದು ಹದಿನಾರನೆಯದಾಗಿ. ಹತ್ತು ಹಾಡುಗಳು 1983ರಿಂದ 1990ರವರೆಗಿನ ಮೂರು ಆಲ್ಬಮ್‌ಗಳವು. ಮೊದಲ ಎರಡು ಆಲ್ಬಮ್‌ಗಳದು ಒಂದೂ ಇಲ್ಲ. ಹೀಗೆ ಕೇಳಿದವರಿಗೆ ಉದ್ದ ಗಡ್ಡ, ಕೆಂಪು ಕಾರು, ಯಂತ್ರದ ಡ್ರಮ್ಮು, ಇಷ್ಟು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಒಳಗಿರುವ ಬ್ಲೂಸ್ ಕಿವಿ ತಪ್ಪಿಸಿಕೊಂಡು ಹೋಗುತ್ತದೆ.

ಇವರು ಮೂವರೇ. ಗಿಟಾರ್ ಮತ್ತು ಹಾಡುಗಾರಿಕೆಗೆ ಬಿಲ್ಲಿ ಗಿಬನ್ಸ್, ಬೇಸ್ ಗಿಟಾರ್‌ಗೆ ಡಸ್ಟಿ ಹಿಲ್, ಡ್ರಮ್ಸ್‌ಗೆ ಫ್ರ್ಯಾಂಕ್ ಬಿಯರ್ಡ್. ಮೂವರೂ ಹುಟ್ಟಿದ್ದು 1949ರಲ್ಲಿ, ಟೆಕ್ಸಾಸ್‌ನಲ್ಲಿ. 1969ರಲ್ಲಿ ಹ್ಯೂಸ್ಟನ್ ನಗರದಲ್ಲಿ ಗಿಬನ್ಸ್ ಕಟ್ಟಿದ ತಂಡ 1970ರ ಫೆಬ್ರವರಿಯಲ್ಲಿ ಬೋಮಾಂಟ್ ಊರಿನ ವೇದಿಕೆ ಏರುವ ಹೊತ್ತಿಗೆ ಈ ಮೂವರ ಕೂಟವಾಗಿತ್ತು. 2021ರ ಜುಲೈನಲ್ಲಿ ಡಸ್ಟಿ ಹಿಲ್ ತೀರಿಕೊಳ್ಳುವವರೆಗೂ ಅದು ಬದಲಾಗಲಿಲ್ಲ. ಐವತ್ತೊಂದು ವರ್ಷ ಅದೇ ಮೂರು ಜೊತೆ ಕೈಗಳು. ಇವರ ಹಾಡುಗಳು ಹಳಸದೆ ಉಳಿದದ್ದರಲ್ಲಿ ಇವರು ನುಡಿಸಿದ ಸ್ವರಗಳ ಪಾಲು ಎಷ್ಟೋ, ನುಡಿಸದೆ ಬಿಟ್ಟುಕೊಟ್ಟ ಜಾಗದ ಪಾಲೂ ಅಷ್ಟೇ ಎಂದು ನಾನು ನಂಬಿದ್ದೇನೆ. ಆ ಖಾಲಿ ಜಾಗ ಕಿವಿಗೆ ಬೀಳುವಂತೆ ಮಾಡುವುದಕ್ಕಾಗಿಯೇ ಈ ಕ್ರಮ.

ಹೆಜ್ಜೆ 1: ಕೇಳುವ ಸಾಧನವನ್ನು ಸರಿಪಡಿಸಿಕೊಳ್ಳಿ

ಮೊಬೈಲ್‌ನ ಸ್ಪೀಕರ್‌ನಲ್ಲಿ ಕೇಳಬೇಡಿ. ಅದರಲ್ಲಿ ಬೇಸ್ ಗಿಟಾರ್ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಮೂವರ ತಂಡದಲ್ಲಿ ಒಬ್ಬರು ಮಾಯವಾದರೆ ಉಳಿಯುವುದೇನು? ದುಬಾರಿ ಹೆಡ್‌ಫೋನ್ ಬೇಕಿಲ್ಲ, ವೈರ್ ಇರುವ ಸಾಧಾರಣ ಇಯರ್‌ಫೋನ್ ಸಾಕು. ಆ್ಯಪ್‌ನಲ್ಲಿ ಬೇಸ್ ಹೆಚ್ಚಿಸುವ ಸೌಲಭ್ಯ ಆನ್ ಆಗಿದ್ದರೆ ಆಫ್ ಮಾಡಿ. ಹಾಡುಗಳನ್ನು ಕಲೆಸಿ ಹಾಕುವ ಶಫಲ್ ಗುಂಡಿ, ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಬೆರೆಸುವ ಸೆಟ್ಟಿಂಗ್, ಇವೆರಡನ್ನೂ ನಿಲ್ಲಿಸಿ.

ಹೆಜ್ಜೆ 2: ನಿಮ್ಮ ಬಳಿ ಇರುವುದು ಯಾವ ಮಿಶ್ರಣ ಎಂದು ಪರೀಕ್ಷಿಸಿ

ಬೇರೆ ಬೇರೆಯಾಗಿ ಮುದ್ರಿಸಿದ ವಾದ್ಯ, ಕಂಠಗಳನ್ನು ಹದವಾಗಿ ಬೆರೆಸಿ ಒಂದು ಹಾಡಾಗಿಸುವುದೇ ಮಿಶ್ರಣ. ಬಹಳ ಮಂದಿ ಈ ಹೆಜ್ಜೆಯನ್ನು ದಾಟಿಬಿಡುತ್ತಾರೆ. ನನಗೆ ಇದರ ಮಹತ್ವ ತಿಳಿಯಲು ವರ್ಷಗಳೇ ಹಿಡಿದವು.

1987ರಲ್ಲಿ ತಂಡದ ಆರು ಹಳೆಯ ಆಲ್ಬಮ್‌ಗಳನ್ನು 'ಸಿಕ್ಸ್‌ಪ್ಯಾಕ್' ಎಂಬ ಹೆಸರಿನಲ್ಲಿ ಮೂರು ಸಿಡಿಗಳ ಕಟ್ಟಾಗಿ ಹೊರತಂದರು. ಎಂಬತ್ತರ ದಶಕದ ಕಿವಿಗೆ ಹಿಡಿಸಲೆಂದು ಎಪ್ಪತ್ತರ ದಶಕದ ಧ್ವನಿಮುದ್ರಣಗಳ ಡ್ರಮ್ಸ್ ಮೇಲೆ ಹೊಸ ಸದ್ದು ಹೇರಿದರು, ಪ್ರತಿಧ್ವನಿ ತುಂಬಿದರು. ಹಳೆಯ ಅಭಿಮಾನಿಗಳು ನೊಂದುಕೊಂಡರು. 'ಲಾ ಗ್ರೇಂಜ್' ಇರುವ 'ಟ್ರೆಸ್ ಓಂಬ್ರೆಸ್' ಮತ್ತು 'ಫಂಡಾಂಗೊ' ಆಲ್ಬಮ್‌ಗಳು ಸಿಡಿಯಲ್ಲಿ ಮೂಲ ಮಿಶ್ರಣದೊಂದಿಗೆ ಮತ್ತೆ ಸಿಕ್ಕಿದ್ದು 2006ರಲ್ಲಿ. ಉಳಿದವು 2013ರ ಹತ್ತು ಆಲ್ಬಮ್‌ಗಳ ಪೆಟ್ಟಿಗೆಯಲ್ಲಿ ಬಂದವು.

ಹಳೆಯ ಸಿಡಿಯೊಂದರಲ್ಲಿ ನಾನು ಮೊದಲ ಸಲ 'ಲಾ ಗ್ರೇಂಜ್' ಕೇಳಿದಾಗ, ಡ್ರಮ್ಸ್ ಬಾವಿಯೊಳಗಿಂದ ಬರುತ್ತಿದೆ ಅನ್ನಿಸಿತ್ತು. ಎಲ್ಲರೂ ಇಷ್ಟು ಹೊಗಳುವ ಹಾಡು ಇದೇನಾ ಎಂದು ಪಕ್ಕಕ್ಕಿಟ್ಟೆ. ಎಷ್ಟೋ ಕಾಲದ ಮೇಲೆ ಮೂಲ ಮಿಶ್ರಣ ಕೇಳಿದ ದಿನ ಅದೇ ಹಾಡನ್ನು ಒಂದೇ ಸಂಜೆ ಹತ್ತು ಬಾರಿ ಹಾಕಿದೆ.

ಪರೀಕ್ಷಿಸುವುದು ಸುಲಭ. 'ಲಾ ಗ್ರೇಂಜ್' ಹಾಕಿ, ಮೊದಲ ನಿಮಿಷದೊಳಗೆ ಡ್ರಮ್ಸ್ ಪೂರ್ತಿಯಾಗಿ ಧುಮುಕುವ ಜಾಗಕ್ಕೆ ಕಾಯಿರಿ. ಪ್ರತಿ ಪೆಟ್ಟೂ 'ಟಪ್' ಎಂದು ಒಣಗಿದ ಹಲಗೆಗೆ ಬಡಿದಂತೆ ಕೇಳಿ ಅಲ್ಲೇ ನಿಂತರೆ ಅದು ಮೂಲ. ಪೆಟ್ಟಿನ ಹಿಂದೆ 'ಢೀಂ' ಎಂದು ಬಾಲ ಎಳೆದುಕೊಂಡು ಹೋದರೆ ಅದು 1987ರ ಕೈಚಳಕ. ಹಾಗಿದ್ದರೆ ಬೇರೆ ಪ್ರತಿ ಹುಡುಕಿ. 1977ರಲ್ಲಿ ಬಂದ 'ದ ಬೆಸ್ಟ್ ಆಫ್ ಝೀ ಝೀ ಟಾಪ್' ಎಂಬ ಹತ್ತು ಹಾಡುಗಳ ಚಿಕ್ಕ ಸಂಗ್ರಹದಲ್ಲಿ ಮೂಲ ಮಿಶ್ರಣಗಳೇ ಇವೆ. ಮುಂದಿನ ಮೂರು ಹೆಜ್ಜೆಗಳಿಗೆ ಅದೇ ಸಾಕು. ನನ್ನನ್ನು ಕೇಳಿದರೆ 1992ರ ಸಂಗ್ರಹಕ್ಕಿಂತ ಇದೇ ಮೇಲು.

ಹೆಜ್ಜೆ 3: 'ಲಾ ಗ್ರೇಂಜ್' ಅನ್ನು ಮೂರು ಸಲ ಕೇಳಿ

ಮೂರು ಸಲ, ಒಂದೊಂದು ಸಲ ಒಬ್ಬೊಬ್ಬರನ್ನು ಹಿಂಬಾಲಿಸುತ್ತ. ಹಾಡು ನಾಲ್ಕು ನಿಮಿಷವೂ ಇಲ್ಲ.

ಮೊದಲ ಸಲ ಫ್ರ್ಯಾಂಕ್ ಬಿಯರ್ಡ್ ಹಿಂದೆ ಹೋಗಿ. ಆರಂಭದಲ್ಲಿ ಅವರು ಡ್ರಮ್ಮಿನ ಚರ್ಮವನ್ನು ಮುಟ್ಟುವುದೇ ಇಲ್ಲ. ಅಂಚಿಗೆ ಕೋಲು ತಾಗಿಸುವ ಟಿಕ್ ಟಿಕ್ ಸದ್ದು ಮಾತ್ರ. ಗಿಟಾರ್ ಒಂಟಿಯಾಗಿ ಒಂದು ಪಲುಕನ್ನು, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛವನ್ನು, ಸುತ್ತುತ್ತಿರುತ್ತದೆ. ಗಿಬನ್ಸ್ ಗುಟ್ಟು ಹೇಳುವವರಂತೆ ಗಂಟಲೊಳಗೇ ಗೊಣಗುತ್ತಾರೆ. ಇಷ್ಟು ಹೊತ್ತು ಹಿಡಿದಿಟ್ಟುಕೊಂಡದ್ದರಿಂದಲೇ ಡ್ರಮ್ಸ್ ಒಳಬಂದಾಗ ಕುಳಿತ ಕುರ್ಚಿ ಜರುಗಿದಂತಾಗುತ್ತದೆ. ಸದ್ದು ಹೆಚ್ಚಿದ್ದು ಒಂದು ಕಾರಣ. ಕಾಯಿಸಿದ್ದು ಅದಕ್ಕಿಂತ ದೊಡ್ಡ ಕಾರಣ.

ಎರಡನೆಯ ಸಲ ಡಸ್ಟಿ ಹಿಲ್ ಹಿಂದೆ. ಅವರ ಬೇಸ್ ಎಲ್ಲಿಯೂ ಮುಂದೆ ಬಂದು ಮೆರೆಯುವುದಿಲ್ಲ. ಆದರೆ ಗಿಟಾರ್ ಪಲುಕನ್ನು ಬಿಟ್ಟು ಮೇಲಕ್ಕೆ ಹಾರಿದಾಗ ಕೆಳಗಿನ ನೆಲವನ್ನು ಹಿಡಿದು ನಿಲ್ಲುವವರು ಅವರೊಬ್ಬರೇ. ಎರಡನೆಯ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ಆದರೂ ಬರಿದೆನಿಸುವುದಿಲ್ಲ.

ಮೂರನೆಯ ಸಲ ಗಿಬನ್ಸ್ ಹಿಂದೆ ಹೋಗಿ, ಸಾಧ್ಯವಾದರೆ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಳ್ಳಿ. ಹಾಡಿನ ಷಡ್ಜ ಎ, ಅಂದರೆ ಬಿಳಿ ಆರು. ಬ್ಲೂಸ್ ಗಿಟಾರಿನ ಬೆನ್ನೆಲುಬಾದ ಐದು ಸ್ವರಗಳು ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಎಲ್ಲಿಯದೆಂದು ತಕ್ಷಣ ಹೊಳೆಯುತ್ತದೆ: ಶುದ್ಧ ಧನ್ಯಾಸಿ. ಮೈಸೂರು ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ 'ಹಿಮಗಿರಿ ತನಯೇ' ಕೇಳಿ ಬೆಳೆದ ಕಿವಿಗೆ ಈ ಐದು ಮೆಟ್ಟಿಲುಗಳು ಹೊಸವಲ್ಲ. ನಡೆಯುವ ರೀತಿ ಬೇರೆ, ಭಾವ ಬೇರೆ, ನಿಜ. ಗಿಬನ್ಸ್ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಗಾಂಧಾರವನ್ನು ಎರಡು ಮನೆಗಳ ನಡುವೆ ತೂಗಾಡಿಸುವುದನ್ನು ಕೇಳಿ. ಗಮಕಕ್ಕೆ ಒಗ್ಗಿದ ಕಿವಿ ಅದನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. ಒಂದು ದೊಡ್ಡ ವ್ಯತ್ಯಾಸವನ್ನೂ ಗಮನಿಸಿ. ನಮ್ಮ ಕಛೇರಿಯಲ್ಲಿ ಆಧಾರ ಷಡ್ಜ ಕೊನೆಯವರೆಗೂ ಕದಲುವುದಿಲ್ಲ. ಇಲ್ಲಿ ಗಿಟಾರ್ ಒಂಟಿಯಾಗಿ ಮೆರೆಯುವ ಭಾಗ ಬಂದಾಗ ಇಡೀ ಹಾಡೇ ಎ ಇಂದ ಸಿ ಗೆ ಜಿಗಿಯುತ್ತದೆ. ಹಾರ್ಮೋನಿಯಂ ಒತ್ತಿಕೊಂಡೇ ಕುಳಿತಿದ್ದರೆ ಆ ಜಿಗಿತ ಮೈಗೆ ತಾಗುತ್ತದೆ.

ಗಿಟಾರಿನ ಸ್ವರ ನಡುನಡುವೆ ಸಿಳ್ಳೆಯಂತೆ ಕಿರುಚುವುದು ಕೇಳಿಸಿದರೆ, ಅದು ತಂತಿ ಮೀಟಿದ ಮರುಕ್ಷಣವೇ ಹೆಬ್ಬೆರಳಿನ ಅಂಚನ್ನು ತಾಗಿಸುವುದರಿಂದ ಹುಟ್ಟುವ ಸದ್ದು. ಗಿಬನ್ಸ್ ಅವರ ಹೆಸರಾಂತ ಗಿಟಾರ್ 1959ರ 'ಲೆಸ್ ಪಾಲ್' ಮಾದರಿಯದು, 'ಪರ್ಲಿ ಗೇಟ್ಸ್' ಎಂದು ಹೆಸರು. ಇಷ್ಟು ದಪ್ಪ ಸದ್ದಿಗೆ ದಪ್ಪ ತಂತಿಯೇ ಬೇಕು ಎಂದು ಎಲ್ಲರೂ ಊಹಿಸುತ್ತಾರೆ. ಅವರು ಬಳಸುವುದು ತೀರ ತೆಳುವಾದ ತಂತಿ. ಇಷ್ಟೊಂದು ಕಷ್ಟಪಟ್ಟು ಯಾಕೆ ನುಡಿಸುತ್ತೀಯ ಎಂದು ಬ್ಲೂಸ್ ಗಿಟಾರ್ ವಾದಕ ಬಿ. ಬಿ. ಕಿಂಗ್ ಕೇಳಿದ ಮೇಲೆ ತೆಳು ತಂತಿಗೆ ಬದಲಾಯಿಸಿಕೊಂಡದ್ದಾಗಿ ಗಿಬನ್ಸ್ ಹೇಳಿಕೊಂಡಿದ್ದಾರೆ.

ಸಾಹಿತ್ಯದ ವಿಚಾರವನ್ನು ಮುಚ್ಚಿಡುವುದು ಸರಿಯಲ್ಲ. ಲಾ ಗ್ರೇಂಜ್ ಎಂಬುದು ಟೆಕ್ಸಾಸ್‌ನ ಒಂದು ಪುಟ್ಟ ಊರು. ಹಾಡು ಹೇಳುವುದು ಅದರ ಹೊರವಲಯದಲ್ಲಿದ್ದ 'ಚಿಕನ್ ರ‍್ಯಾಂಚ್' ಎಂಬ ವೇಶ್ಯಾಗೃಹದ ಕುರಿತು. ಆಲ್ಬಮ್ ಹೊರಬಂದದ್ದು 1973ರ ಜುಲೈ ಕೊನೆಯಲ್ಲಿ. ಹ್ಯೂಸ್ಟನ್ನಿನ ಟಿವಿ ವರದಿಗಾರ ಮಾರ್ವಿನ್ ಝಿಂಡ್ಲರ್ ಎಬ್ಬಿಸಿದ ಸುದ್ದಿಯಿಂದಾಗಿ ಆ ಮನೆಗೆ ಬೀಗ ಬಿದ್ದದ್ದು ಆಗಸ್ಟ್ ಮೊದಲಲ್ಲಿ.

ಹೆಜ್ಜೆ 4: 'ಟುಶ್' ಹಾಕಿ, ತಾಳ ಹಿಡಿಯಿರಿ

1975ರ 'ಫಂಡಾಂಗೊ' ಆಲ್ಬಮ್‌ನ ಹಾಡು. ಎರಡೂಕಾಲು ನಿಮಿಷವಷ್ಟೇ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 20ನೇ ಸ್ಥಾನಕ್ಕೇರಿತು. ಅಲಬಾಮಾ ರಾಜ್ಯದ ಫ್ಲಾರೆನ್ಸ್‌ನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಮೈಕು ಪರೀಕ್ಷೆ ನಡೆಸುತ್ತಿದ್ದಾಗಲೇ ಹತ್ತು ನಿಮಿಷದಲ್ಲಿ ಹುಟ್ಟಿದ್ದೆಂದು ತಂಡದವರು ಹೇಳುತ್ತಿದ್ದರು. ಹಾಡುವವರು ಡಸ್ಟಿ ಹಿಲ್. ಗಿಬನ್ಸ್ ಅವರ ಗುಡುಗುವ ಗಂಟಲಿಗೂ ಹಿಲ್ ಅವರ ಎತ್ತರದ ಕೂಗಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಬ್ಲೂಸ್‌ನ ಹನ್ನೆರಡು ಬಾರ್‌ಗಳ ಚೌಕಟ್ಟು ಎಂಬ ಮಾತನ್ನು ನೀವು ಕೇಳಿರಬಹುದು. ಪುಸ್ತಕದಲ್ಲಿ ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಎಂಟು ಪೆಟ್ಟಿನ ಆದಿತಾಳ ಹಾಕಿ ಎಣಿಸುವುದು ಸುಲಭ. ಒಂದು ಬಾರ್‌ಗೆ ನಾಲ್ಕು ಪೆಟ್ಟು, ಹನ್ನೆರಡಕ್ಕೆ ನಲವತ್ತೆಂಟು, ಅಂದರೆ ಆದಿತಾಳದ ಸರಿಯಾಗಿ ಆರು ಆವರ್ತ. ಹಾಡು ಜಿ ಯಲ್ಲಿದೆ, ಬಿಳಿ ಐದು. ಹಾಡುಗಾರಿಕೆ ಶುರುವಾದ ಜಾಗದಿಂದ ತಾಳ ಹಾಕಿ, ಬೇಸ್ ಎಲ್ಲಿ ನಿಂತಿದೆ ಎಂದು ಗಮನಿಸಿ. ಮೊದಲ ಎರಡು ಆವರ್ತ ಷಡ್ಜದ ಮೇಲೆ. ಮೂರನೆಯದು ಮಧ್ಯಮಕ್ಕೆ ಹೋಗುತ್ತದೆ. ನಾಲ್ಕನೆಯದು ಮರಳಿ ಷಡ್ಜ. ಐದನೆಯ ಆವರ್ತದ ಮೊದಲರ್ಧ ಪಂಚಮ, ಉಳಿದರ್ಧ ಮಧ್ಯಮ. ಆರನೆಯದರಲ್ಲಿ ಮನೆಗೆ ಬಂದು ಸೇರುತ್ತದೆ. ಎರಡು ಸುತ್ತು ಹೀಗೆ ಎಣಿಸಿದರೆ, ಐದನೆಯ ಆವರ್ತದಲ್ಲಿ ಪಂಚಮ ಬರುವ ಮೊದಲೇ ನಿಮ್ಮ ಕೈ ಅದನ್ನು ನಿರೀಕ್ಷಿಸತೊಡಗುತ್ತದೆ. ಆಮೇಲೆ ಯಾವ ಬ್ಲೂಸ್ ಹಾಡು ಹಾಕಿದರೂ ದಾರಿ ತಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಆದಿತಾಳದ ಒಂದೊಂದು ಪೆಟ್ಟಿನ ಒಳಗೆ 'ತಕಿಟ' ಎಂದು ಹೇಳಿಕೊಳ್ಳಿ. ಈಗ ನಡುವಿನ 'ಕಿ' ಯನ್ನು ಬಾಯಿಬಿಟ್ಟು ಹೇಳದೆ ನುಂಗಿ: 'ತ...ಟ, ತ...ಟ'. ಇದೇ ಬ್ಲೂಸ್‌ನ ಶಫಲ್ ನಡೆ, ಆ್ಯಪ್‌ನ ಶಫಲ್ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ. ತಿಶ್ರದ ನಡುವಿನ ಅಕ್ಷರ ಮೌನವಾಗಿರುವುದರಿಂದ ಹುಟ್ಟುವ ಕುಂಟು, ಆ ಕುಂಟಿನಿಂದ ಹುಟ್ಟುವ ಓಲಾಟ. 'ಲಾ ಗ್ರೇಂಜ್' ಕೂಡ ಇದೇ ನಡೆಯದು. ನುಂಗಿದ ಆ 'ಕಿ' ಯಲ್ಲೇ ಈ ತಂಡದ ಜೀವ ಇದೆ. ಅಲ್ಲಿ ಏನನ್ನಾದರೂ ತುರುಕಿದರೆ ಹಾಡು ಭಾರವಾಗಿ ಕುಸಿಯುತ್ತದೆ. 1987ರ ಮಿಶ್ರಣದಲ್ಲಿ ಆದದ್ದು ಅದೇ: ಮೌನವಿರಬೇಕಾದ ಜಾಗದಲ್ಲಿ ಪ್ರತಿಧ್ವನಿಯ ಬಾಲ ಬಂದು ಕುಳಿತಿತು.

ಹೆಜ್ಜೆ 5: ನಿಧಾನದ ಹಾಡುಗಳಿಗೆ ಒಂದು ರಾತ್ರಿ ಕೊಡಿ

1977ರ ಸಂಗ್ರಹದಿಂದ 'ಬ್ಲೂ ಜೀನ್ ಬ್ಲೂಸ್' ಹಾಕಿ, ದೀಪ ಆರಿಸಿ. ಗಿಬನ್ಸ್ ಇಲ್ಲಿ ಒಂದು ಸಾಲು ಹಾಡಿ, ಗಿಟಾರಿನಲ್ಲಿ ನಾಲ್ಕೈದು ಸ್ವರಗಳ ಉತ್ತರ ಕೊಟ್ಟು, ಸುಮ್ಮನಾಗುತ್ತಾರೆ. ಸ್ವರ ಪೂರ್ತಿ ಆರಿಹೋಗುವವರೆಗೂ ಮುಂದಿನದನ್ನು ಮೀಟುವ ಆತುರವಿಲ್ಲ. ವೇಗದ ಹಾಡುಗಳಲ್ಲಿ ಅರೆಕ್ಷಣ ಇರುವ ಮೌನ ಇಲ್ಲಿ ಕಣ್ಣಿಗೆ ಕಾಣುವಷ್ಟು ಅಗಲವಾಗಿದೆ.

ಅದೇ ಸಂಗ್ರಹದಲ್ಲಿ 'ವೇಟಿನ್ ಫಾರ್ ದ ಬಸ್' ಮುಗಿಯುತ್ತಿದ್ದಂತೆ ಉಸಿರಾಡಲೂ ಬಿಡದೆ 'ಜೀಸಸ್ ಜಸ್ಟ್ ಲೆಫ್ಟ್ ಶಿಕಾಗೊ' ಶುರುವಾಗುತ್ತದೆ. ಇವೆರಡನ್ನೂ ಜೊತೆಯಾಗಿಯೇ ಕೇಳಿ. ಅಮೆರಿಕದ ರೇಡಿಯೊಗಳೂ ಇವನ್ನು ಬಿಡಿಸಿ ಹಾಕುವುದು ಅಪರೂಪ. ಟೇಪು ಕತ್ತರಿಸಿ ಜೋಡಿಸುವಾಗ ನಡುವಿನ ಖಾಲಿ ಭಾಗ ಹೆಚ್ಚಾಗಿ ಕತ್ತರಿಸಿಹೋದದ್ದರಿಂದ ಹೀಗಾಯಿತೆಂದು ಗಿಬನ್ಸ್ ಹೇಳಿದ್ದಾರೆ.

ಹೆಜ್ಜೆ 6: ಸಾಲದ ಮೂಲಕ್ಕೆ ಹೋಗಿ

ಈಗ ತಂಡವನ್ನು ಸ್ವಲ್ಪ ಬದಿಗಿಟ್ಟು, ಬ್ಲೂಸ್ ಗಾಯಕ ಜಾನ್ ಲೀ ಹೂಕರ್ 1948ರಲ್ಲಿ ಡೆಟ್ರಾಯ್ಟ್‌ನಲ್ಲಿ ಧ್ವನಿಮುದ್ರಿಸಿದ 'ಬೂಗಿ ಚಿಲ್ಲನ್' ಕೇಳಿ. ಒಬ್ಬ ಮನುಷ್ಯ, ಒಂದು ಗಿಟಾರ್, ನೆಲಕ್ಕೆ ಬಡಿಯುವ ಒಂದು ಕಾಲು. 'ಲಾ ಗ್ರೇಂಜ್' ಎಲ್ಲಿಂದ ಬಂತು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಹೂಕರ್ ಹಾಡಿನ ಹಕ್ಕು ಹೊಂದಿದ್ದ ಪ್ರಕಾಶನ ಸಂಸ್ಥೆ ಮೊಕದ್ದಮೆ ಹೂಡಿತು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ, ಹಳೆಯ ಕಾನೂನಿನಡಿ ಗ್ರಾಮಫೋನ್ ತಟ್ಟೆ ಮಾರಾಟಕ್ಕೆ ಬಂದಾಗಲೇ ಹಾಡು ಪ್ರಕಟವಾದಂತೆ ಎಂದು ತೀರ್ಪಿತ್ತು. ಪ್ರಕಟಣೆಯ ವಿಧಿವಿಧಾನ ಪಾಲಿಸದೆ ತಟ್ಟೆ ತಂದಿದ್ದ ಎಷ್ಟೋ ಹಳೆಯ ಹಾಡುಗಳ ಹಕ್ಕಿಗೆ ಇದರಿಂದ ಕುತ್ತು ಬರುವಂತಿತ್ತು. ಅಮೆರಿಕದ ಸಂಸತ್ತು 1997ರಲ್ಲಿ ಕಾನೂನನ್ನೇ ತಿದ್ದಿತು. ನ್ಯಾಯಾಲಯದ ಮಾತು ಹಾಗಿರಲಿ, ಕಿವಿಯ ಮಟ್ಟಿಗೆ ಸಾಲ ಸಾಲವೇ. ಹೂಕರ್ ಕೇಳದೆ ಈ ತಂಡವನ್ನು ಪೂರ್ತಿ ಕೇಳಿದಂತಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಟೆಕ್ಸಾಸ್‌ನ ಬಿಳಿಯ ಹುಡುಗರಿಗೆ ಈ ಸಂಗೀತ ಸಿಕ್ಕ ದಾರಿಗಳಲ್ಲೊಂದು ರೇಡಿಯೊ. ಗಡಿಯಾಚೆ ಮೆಕ್ಸಿಕೊದಲ್ಲಿ, ಅಮೆರಿಕದ ಮಿತಿಯಾದ 50,000 ವಾಟ್ ಅನ್ನು ಎಷ್ಟೋ ಪಟ್ಟು ಮೀರಿದ ಪ್ರಸಾರ ಕೇಂದ್ರಗಳಿದ್ದವು. ಅವುಗಳ ಹೆಸರೆಲ್ಲ ಎಕ್ಸ್ ಅಕ್ಷರದಿಂದ ಶುರು. ಇವರ 'ಹರ್ಡ್ ಇಟ್ ಆನ್ ದಿ ಎಕ್ಸ್' ಹಾಡು ಆ ಕೇಂದ್ರಗಳಿಗೆ ಸಲ್ಲಿಸಿದ ಕೃತಜ್ಞತೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಸಿಗದಿದ್ದ ಕಾಲದಲ್ಲಿ ರೇಡಿಯೊ ಸಿಲೋನ್ ತಿರುಗಿಸಿ ಕೂತಿದ್ದ ನಮ್ಮ ಹಿರಿಯರಿಗೆ ಈ ಹಾಡಿನ ಸಂಭ್ರಮವನ್ನು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 7: ಈಗ 1983ಕ್ಕೆ ಬನ್ನಿ

ಇಷ್ಟರ ಮೇಲೆ 1992ರ ಸಂಗ್ರಹ ತೆರೆಯಿರಿ. 'ಗಿಮಿ ಆಲ್ ಯುವರ್ ಲವಿನ್', 'ಶಾರ್ಪ್ ಡ್ರೆಸ್ಡ್ ಮ್ಯಾನ್', 'ಲೆಗ್ಸ್' ಮೂರನ್ನೂ ಒಟ್ಟಿಗೆ ಕೇಳಿ. ಮೂರೂ 'ಎಲಿಮಿನೇಟರ್' ಆಲ್ಬಮ್‌ನವು. ಅಮೆರಿಕವೊಂದರಲ್ಲೇ ಒಂದು ಕೋಟಿ ಪ್ರತಿಗಳ ಪ್ರಮಾಣಪತ್ರ ಪಡೆದ ಆಲ್ಬಮ್ ಅದು. 1933ರ ಫೋರ್ಡ್ ಕೂಪೆ ಕಾರನ್ನು ಕೆಂಪು ಬಳಿದು ಓಡಿಸಿದ ವಿಡಿಯೊಗಳು ಆಗಷ್ಟೇ ಹುಟ್ಟಿದ್ದ ಸಂಗೀತ ಚಾನೆಲ್ ಎಂಟಿವಿಯಲ್ಲಿ ಎಡೆಬಿಡದೆ ಬಂದವು. ಗಡಿಯಾರ ಹಿಡಿದು ಹತ್ತು ಸೆಕೆಂಡು ಎಣಿಸಿ: ಮೂರರಲ್ಲೂ ಇಪ್ಪತ್ತು, ಇಪ್ಪತ್ತೊಂದು ಪೆಟ್ಟು ಬೀಳುತ್ತವೆ. ಕುಣಿಯುವ ಕಾಲಿಗೆ ಹಿತವಾದ ವೇಗ. ತಿಶ್ರದ ಕುಂಟು ಹೋಗಿದೆ, ಚತುರಶ್ರದ ನೇರ ನಡಿಗೆ ಬಂದಿದೆ. ಡ್ರಮ್ಮಿನ ಬಹುಪಾಲು ಯಂತ್ರದ್ದು, ಕೆಳಗೆ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯ ಮಿಡಿಯುತ್ತಿರುತ್ತದೆ.

ಇಲ್ಲಿಗೆ ಬ್ಲೂಸ್ ಮುಗಿಯಿತು ಎಂದು ಆಗ ಬೇಸರಪಟ್ಟವರಿದ್ದರು. ನಾನು ಒಪ್ಪುವುದಿಲ್ಲ. 'ಶಾರ್ಪ್ ಡ್ರೆಸ್ಡ್ ಮ್ಯಾನ್'ನಲ್ಲಿ ಗಿಟಾರ್ ಒಂಟಿಯಾಗುವ ಭಾಗಕ್ಕೆ ಹೋಗಿ, ಯಂತ್ರದ ಪೆಟ್ಟಿಗೆ ತಾಳ ಹಾಕುತ್ತ ಕೇಳಿ. ಯಂತ್ರ ಎಳ್ಳಷ್ಟೂ ಜರುಗದು. ಗಿಬನ್ಸ್ ಮಾತ್ರ ಪ್ರತಿ ಸಾಲನ್ನೂ ಪೆಟ್ಟಿಗಿಂತ ಒಂದು ಕೂದಲೆಳೆ ತಡವಾಗಿ ಇಳಿಸುತ್ತಾರೆ, ಸಾಲುಗಳ ನಡುವೆ ಉಸಿರು ಬಿಡುತ್ತಾರೆ. ಎಡೆ ಬಿಡದ ಯಂತ್ರದ ಮೇಲೆ ಎಡೆ ಬಿಟ್ಟು ನುಡಿಸುವ ಮನುಷ್ಯ. ಎಪ್ಪತ್ತರ ದಶಕದ ಹಾಡುಗಳನ್ನು ಮೊದಲು ಕೇಳಿದವರಿಗೆ ಮಾತ್ರ ಇದು ಕಿವಿಗೆ ಬೀಳುತ್ತದೆ. ನಾನು ಕ್ರಮ ಬದಲಿಸಿ ಎಂದದ್ದು ಇದಕ್ಕಾಗಿ.

ಮುಂದಿನ ಆಲ್ಬಮ್ 'ಆಫ್ಟರ್‌ಬರ್ನರ್' ಹಾಡುಗಳಲ್ಲಿ ಯಂತ್ರದ ಕೈ ಮೇಲಾಯಿತು. 'ರಫ್ ಬಾಯ್' ಒಂದನ್ನು, ಅದರ ಗಿಟಾರಿಗಾಗಿ, ಉಳಿಸಿಕೊಳ್ಳಿ. ಬೇರೆಯವುಗಳಿಗೆ ಆತುರವಿಲ್ಲ. 'ಪರ್ಲ್ ನೆಕ್ಲೇಸ್' ರೀತಿಯ ಎರಡರ್ಥದ ಹಾಡುಗಳನ್ನು ನಾನು ದಾಟಿಸುತ್ತೇನೆ, ನೀವೂ ದಾಟಿಸಬಹುದು. 1979ರ 'ಚೀಪ್ ಸನ್‌ಗ್ಲಾಸಸ್' ಮಾತ್ರ ಬಿಡಬೇಡಿ.

ಹೆಜ್ಜೆ 8: ನಿಮ್ಮದೇ ಪಟ್ಟಿ ಕಟ್ಟಿಕೊಳ್ಳಿ

ಎರಡೂ ಸಂಗ್ರಹಗಳಿಂದ ಆರಿಸಿ, ಕಾಲಕ್ರಮದಲ್ಲಿ ಜೋಡಿಸಿ. 1972ರ 'ಜಸ್ಟ್ ಗಾಟ್ ಪೇಯ್ಡ್'ನಿಂದ ಶುರು ಮಾಡಿ, 'ಲಾ ಗ್ರೇಂಜ್', ಬಸ್ಸು ಮತ್ತು ಶಿಕಾಗೊ ಜೋಡಿ, 'ಟುಶ್', 'ಬ್ಲೂ ಜೀನ್ ಬ್ಲೂಸ್', 'ಚೀಪ್ ಸನ್‌ಗ್ಲಾಸಸ್', ಎಲಿಮಿನೇಟರ್‌ನ ಮೂರು, 'ರಫ್ ಬಾಯ್'. ಕೊನೆಯಲ್ಲಿ 1990ರ 'ಮೈ ಹೆಡ್ಸ್ ಇನ್ ಮಿಸಿಸಿಪ್ಪಿ' ಇಡಿ. ಯಂತ್ರಗಳ ಏಳು ವರ್ಷ ಕಳೆದು ಅವರು ಮತ್ತೆ ಹೂಕರ್‌ನ ಆ ಬೂಗಿ ನಡಿಗೆಗೆ ಮರಳಿದ್ದು ಈ ಹಾಡಿನಲ್ಲಿ. ಇಷ್ಟಕ್ಕೆ ಸುಮಾರು ಮುಕ್ಕಾಲು ಗಂಟೆ ಬೇಕು.

ಆ ಹಾಡಿಗೂ ಕೆಲವು ವರ್ಷ ಮೊದಲು ಗಿಬನ್ಸ್ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ಗೆ ಹೋಗಿದ್ದರು. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಬಾಲ್ಯ ಕಳೆದ ಮರದ ಗುಡಿಸಲು ಅಲ್ಲಿ ಶಿಥಿಲವಾಗಿ ನಿಂತಿತ್ತು. ಅದರಿಂದ ಬಿದ್ದ ತೊಲೆಯೊಂದನ್ನು ಕೊಂಡುಹೋಗಿ ಮೆಂಫಿಸ್‌ನಲ್ಲಿ ಗಿಟಾರ್ ಮಾಡಿಸಿದರು. 'ಮಡ್ಡಿವುಡ್' ಎಂದು ಅದರ ಹೆಸರು. ಬಿಳಿಯ ಮೈ ಮೇಲೆ ಮಿಸಿಸಿಪ್ಪಿ ನದಿಯ ನೀಲಿ ಗೆರೆ ಹರಿದಿದೆ. ಅದನ್ನು ಮುಂದಿಟ್ಟುಕೊಂಡು ತಂಡ ಕ್ಲಾರ್ಕ್ಸ್‌ಡೇಲ್‌ನ ಡೆಲ್ಟಾ ಬ್ಲೂಸ್ ಮ್ಯೂಸಿಯಂಗಾಗಿ ಹಣ ಕೂಡಿಸಿತು, ಆಮೇಲೆ ಗಿಟಾರನ್ನೂ ಅಲ್ಲಿಗೇ ಕೊಟ್ಟಿತು. ಪಟ್ಟಿಯ ಕೊನೆಯ ಹಾಡು ಕೇಳುವ ಮೊದಲು ಅದರ ಚಿತ್ರವನ್ನು ಒಮ್ಮೆ ಹುಡುಕಿ ನೋಡಿ.